ಒಣ ಕಲ್ಲು, ನೆನೆದ ಕಲ್ಲು: ನೀರು ತಗುಲಿದರೆ ಗ್ರಾನೈಟ್ ಬೇಗ ಬಿರಿಯುತ್ತಾ, ಇಲ್ವಾ?

ಲ್ಯಾಬ್‌ಮೇಜು:
ಎಲ್ಲರಿಗೂ ನಮಸ್ಕಾರ. ಒದ್ದೆ ಕಲ್ಲು ಒಣ ಕಲ್ಲಿಗಿಂತ ಸುಲಭವಾಗಿ ಬಿರಿಯುತ್ತೆ ಅಂತ ಪಾಠದಲ್ಲೂ ಇದೆ, ಕ್ವಾರಿಯವರೂ ಹೇಳ್ತಾರೆ. ಆದರೆ ಇಳಕಲ್ ಕೆಂಪು ಗ್ರಾನೈಟ್‌ನ ಅರ್ಧ ಬಿಲ್ಲೆಗಳನ್ನ ಎಸ್‌ಸಿಬಿ ವಿಧಾನದಲ್ಲಿ (ಅರ್ಧ ಬಿಲ್ಲೆಯನ್ನ ಎರಡು ರೋಲರ್ ಮೇಲಿಟ್ಟು ಮೇಲಿಂದ ಒತ್ತೋದು) ಮುರಿದಾಗ ಒಣ ತುಂಡಿಗೂ ನೆನೆದ ತುಂಡಿಗೂ ಫ್ರ್ಯಾಕ್ಚರ್ ಟಫ್‌ನೆಸ್ (ಬಿರುಕು ಓಡದಂತೆ ಕಲ್ಲು ತಡೆಯೋ ಗುಣ) ಹೆಚ್ಚುಕಮ್ಮಿ ಒಂದೇ ಬರ್ತಿದೆ. ಇರೋ ಅಲ್ಪ ವ್ಯತ್ಯಾಸ ಒಂದೇ ಗುಂಪಿನ ತುಂಡುಗಳ ನಡುವಿನ ಏರಿಳಿತಕ್ಕಿಂತ ಕಮ್ಮಿ.

ವಿವರ: ವ್ಯಾಸ 76 ಮಿಮೀ, ದಪ್ಪ 30 ಮಿಮೀ, ನಾಚ್ (ಬಿರುಕು ಶುರುವಾಗಲಿ ಅಂತ ಮೊದಲೇ ಕೊಯ್ದ ಸೀಳು) ಆಳ 19 ಮಿಮೀ, ಲೋಡಿಂಗ್ ನಿಮಿಷಕ್ಕೆ 0.2 ಮಿಮೀ. ಒಣ ತುಂಡುಗಳು 105 °ಸೆ ಓವನ್‌ನಲ್ಲಿ 24 ಗಂಟೆ. ಒದ್ದೆ ತುಂಡುಗಳು ಬಕೆಟ್ ನೀರಲ್ಲಿ 72 ಗಂಟೆ. ತಪ್ಪು ಎಲ್ಲಿದೆ? ಅಥವಾ ಗ್ರಾನೈಟ್‌ಗೆ ನೀರಿನ ಪರಿಣಾಮವೇ ಇಲ್ವಾ?

ಉಳಿಪೆಟ್ಟು:
ಇಲ್ಲ. ಮರಳುಗಲ್ಲು, ಜೇಡಿಗಲ್ಲು ಆದರೆ ಸರಿ. ಗ್ರಾನೈಟ್‌ಗೆ ನೀರು ಏನು ಮಾಡುತ್ತೆ? ಶ್ರವಣಬೆಳಗೊಳದ ಗೊಮ್ಮಟ ಸಾವಿರ ವರ್ಷದಿಂದ ಮಳೆಯಲ್ಲೇ ನಿಂತಿದ್ದಾನೆ.

ಬಂಡೆಹಾದಿ:
ಲ್ಯಾಬ್‌ಮೇಜು ಅವರೇ, ಉತ್ತರಕ್ಕೆ ಮೊದಲು ಒಂದು ಪ್ರಶ್ನೆ. ಓವನ್‌ನಿಂದ ತೆಗೆದ ಮೇಲೆ ಮಷಿನ್ ಮೇಲೆ ಇಡೋವರೆಗೆ ಎಷ್ಟು ಹೊತ್ತು? ಆ ಹೊತ್ತು ತುಂಡು ಎಲ್ಲಿತ್ತು?

ಲ್ಯಾಬ್‌ಮೇಜು:
ಮಷಿನ್ ಖಾಲಿ ಇರಲಿಲ್ಲ, ಎರಡು ದಿನ ಮೇಜಿನ ಮೇಲಿತ್ತು. ನೀರಿಗೇನೂ ಹಾಕಿಲ್ಲ.

ಬಂಡೆಹಾದಿ:
ಹಾಗಾದರೆ ನಿಮ್ಮ ಒಣ ತುಂಡು ಒಣ ಅಲ್ಲ. ಇಡೀ ಗೊಂದಲದ ಮುಕ್ಕಾಲು ಪಾಲು ಅಲ್ಲೇ ಇದೆ.

ಬಿರುಕು ಓಡೋಕೆ ಕಲ್ಲು ಪೂರ್ತಿ ನೆನೆಯಬೇಕಿಲ್ಲ, ಬಿರುಕಿನ ತುದಿಗೆ ನೀರಿನ ಅಣು ತಲುಪಿದರೆ ಸಾಕು. ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಎರಡರ ಅಸ್ಥಿಪಂಜರವೂ ಸಿಲಿಕಾನ್-ಆಮ್ಲಜನಕ-ಸಿಲಿಕಾನ್ ಕೊಂಡಿಗಳದ್ದು. ಬಿರುಕಿನ ತುದಿಯಲ್ಲಿ ಆ ಕೊಂಡಿಗಳು ಎಳೆದು ಬಿಗಿಯಾಗಿರುತ್ತವೆ. ಅಲ್ಲಿಗೆ ಬಂದ ನೀರಿನ ಅಣು ಕೊಂಡಿಯ ನಡುವೆ ಸೇರಿ, ಅದನ್ನ ಎರಡು ಸಿಲಿಕಾನ್-ಒಎಚ್ ತುದಿಗಳಾಗಿ ಮುರಿಯುತ್ತೆ. ಎಳೆತವಿಲ್ಲದ ಕೊಂಡಿಯ ಜೊತೆ ಇದೇ ಕ್ರಿಯೆ ಲೆಕ್ಕಕ್ಕೆ ಸಿಗದಷ್ಟು ನಿಧಾನ. ಇದನ್ನೇ ಸ್ಟ್ರೆಸ್ ಕೊರೋಷನ್ ಅನ್ನೋದು. ಮೈಕಲ್‌ಸ್ಕಿ ಮತ್ತು ಫ್ರೈಮನ್ 1982ರಲ್ಲಿ ಈ ಹೆಜ್ಜೆಗಳನ್ನ ಬಿಡಿಸಿ ಹೇಳಿದರು. ಅದಕ್ಕೂ ಮುಂಚೆ 1967ರಲ್ಲಿ ವೀಡರ್‌ಹಾರ್ನ್ ಗಾಜಿನ ಮೇಲೆ ತೇವಾಂಶವನ್ನ 0.017 ಶೇಕಡಾದಿಂದ 100 ಶೇಕಡಾವರೆಗೆ ಬದಲಿಸಿ ಬಿರುಕಿನ ವೇಗ ಅಳೆದಿದ್ದರು. ಅಷ್ಟು ಒಣ ಹವೆಯಲ್ಲೂ ನೀರಿನ ಆವಿ ಕೆಲಸ ಮಾಡ್ತಾನೇ ಇತ್ತು.

ಉಳಿಪೆಟ್ಟು ಅವರಿಗೆ: ಗೊಮ್ಮಟನ ಉದಾಹರಣೆ ಒಳ್ಳೆಯದು, ಆದರೆ ಅದು ಹೇಳೋದು ಬೇರೆ. ನಿಂತ ಏಕಶಿಲೆಯಲ್ಲಿ ಹೆಚ್ಚಿನ ಭಾಗ ಅದುಮುವ ಭಾರ. ಬಿರುಕಿನ ಬಾಯಿ ತೆರೆಯೋ ಎಳೆತ ಬಹಳ ಕಮ್ಮಿ. ಎಳೆತ ಇಲ್ಲದ ಕಡೆ ನೀರಿಗೆ ಈ ಕೆಲಸ ಮಾಡೋಕೆ ಆಗಲ್ಲ.

ಗಣಿತಗಣಿ:
ಮೇಲಿನ ಮಾತಿಗೆ ಅಂಕಿ ಸೇರಿಸ್ತೀನಿ. ಬಿರುಕಿನ ವೇಗ, ಸ್ಟ್ರೆಸ್ ಇಂಟೆನ್ಸಿಟಿಯ (ಬಿರುಕಿನ ತುದಿಯಲ್ಲಿ ಎಳೆತ ಎಷ್ಟು ಜೋರು ಅನ್ನೋ ಅಳತೆ) ಒಂದು ದೊಡ್ಡ ಘಾತಕ್ಕೆ ಅನುಗುಣ. 1958ರ ಚಾರ್ಲ್ಸ್ ಸೂತ್ರ ಇದೇ. ಆ ಘಾತ ಗಾಜಿಗೆ 16–20ರ ಆಸುಪಾಸು, ಗ್ರಾನೈಟ್‌ಗಳಿಗೆ ಸಾಮಾನ್ಯವಾಗಿ 30ರಿಂದ 70. ಲೆಕ್ಕಕ್ಕೆ 35 ಅಂತ ಹಿಡಿಯಿರಿ.

ಸ್ಟ್ರೆಸ್ ಇಂಟೆನ್ಸಿಟಿ 10% ಏರಿದರೆ ವೇಗ 1.1ರ 35ನೇ ಘಾತ, ಅಂದರೆ ಸುಮಾರು 28 ಪಟ್ಟು ಏರುತ್ತೆ. ಇದನ್ನ ತಿರುಗಿಸಿ ನೋಡಿ. ನೀರು ವೇಗವನ್ನ 28 ಪಟ್ಟು ಹೆಚ್ಚಿಸಿದರೂ ಟಫ್‌ನೆಸ್ ಅಂಕಿಯಲ್ಲಿ ಕಾಣೋದು 10% ಇಳಿಕೆ ಮಾತ್ರ.

ಈಗ ನಿಮ್ಮ ಮೇಜಿನ ಕಥೆ. ಕೋಣೆಯ ತೇವಾಂಶ 60% ಅಂತಿಟ್ಟುಕೊಳ್ಳಿ. ಬಿರುಕಿನ ವೇಗ ಸರಿಸುಮಾರು ತೇವಾಂಶಕ್ಕೆ ಅನುಗುಣವಾಗಿ ಏರುತ್ತೆ. 60ರಿಂದ 100ಕ್ಕೆ ಹೋದರೆ ವೇಗ 1.7 ಪಟ್ಟೂ ಇಲ್ಲ. ಅದರ 35ನೇ ಮೂಲ 1.015. ಅಂದರೆ ಮೇಜಿನ ಮೇಲಿದ್ದ ತುಂಡಿಗೂ ಬಕೆಟ್‌ನಲ್ಲಿದ್ದ ತುಂಡಿಗೂ ನಿರೀಕ್ಷಿಸಬೇಕಾದ ವ್ಯತ್ಯಾಸವೇ 1.5%. ಅದು ಯಾವ ಲ್ಯಾಬಲ್ಲೂ ಕಣ್ಣಿಗೆ ಬೀಳಲ್ಲ. ನಿಮ್ಮ ಫಲಿತಾಂಶ ತಪ್ಪಲ್ಲ, ನೀವು ಹೋಲಿಸಿದ್ದೇ ಒದ್ದೆಯನ್ನ ಒದ್ದೆಯ ಜೊತೆ.

ಉಳಿಪೆಟ್ಟು:
ಅದುಮುವ ಭಾರದ ಮಾತು ಒಪ್ಪಿದೆ. ಆದರೆ 28 ಪಟ್ಟು ವೇಗಕ್ಕೆ 10% ಇಳಿಕೆ ಅಂದರೆ ಕೆಲಸದ ಜಾಗದಲ್ಲಿ ಅದಕ್ಕೆ ಬೆಲೆ ಏನು? 10% ಯಾವ ಕಲ್ಲಿನ ಲೆಕ್ಕದಲ್ಲೂ ಸುರಕ್ಷತೆಯ ಅಂಚಿನೊಳಗೇ ಬರುತ್ತೆ.

ಬಂಡೆಹಾದಿ:
ಒಂದು ನಿಮಿಷದ ಪರೀಕ್ಷೆಗೆ ಬೆಲೆ ಇಲ್ಲ, ಐವತ್ತು ವರ್ಷ ನಿಲ್ಲಬೇಕಾದ ಸುರಂಗದ ಛಾವಣಿಗೆ ಇದೆ. ಅದೇ 28 ಪಟ್ಟನ್ನ ಆಯುಸ್ಸಿನ ಕಡೆಯಿಂದ ನೋಡಿ. ಅದೇ ಭಾರದಲ್ಲಿ 28 ವರ್ಷ ತಾಳೋ ಬಿರುಕು ಒಂದೇ ವರ್ಷಕ್ಕೆ ಓಡುತ್ತೆ. ಟಫ್‌ನೆಸ್ ಅಂಕಿ ಕಮ್ಮಿ ಬದಲಾಗುತ್ತೆ, ಕಾಲ ವಿಪರೀತ ಬದಲಾಗುತ್ತೆ. ನೀರಿನ ಪರಿಣಾಮವನ್ನ ಅಂಕಿಯಲ್ಲಿ ಹುಡುಕೋದಕ್ಕಿಂತ ಕಾಲದಲ್ಲಿ ಹುಡುಕಬೇಕು.

ಕ್ವಾರಿಯಲ್ಲಿ ಇದೇ ನಡೆಯೋದು. ಸಾಲು ರಂಧ್ರಕ್ಕೆ ಬೆಣೆ ಇಟ್ಟು ಎಲ್ಲಕ್ಕೂ ಒಂದು ಸುತ್ತು ಪೆಟ್ಟು, ಆಮೇಲೆ ಕಾಯೋದು, ಮತ್ತೊಂದು ಸುತ್ತು. ಕಾಯೋ ಹೊತ್ತಲ್ಲಿ ಭಾರ ಹೆಚ್ಚಾಗಲ್ಲ, ಆದರೂ ಬಿರುಕು ರಂಧ್ರದಿಂದ ರಂಧ್ರಕ್ಕೆ ತೆವಳುತ್ತಿರುತ್ತೆ. ಸುತ್ತುಗಳ ನಡುವೆ ಬಿಡುವು ಕೊಡದೆ ಒಂದೇ ಬೆಣೆಗೆ ಜಡಿದರೆ ಸೀಳು ಸಾಲು ಬಿಟ್ಟು ಪಕ್ಕಕ್ಕೆ ಓಡುತ್ತೆ, ಚಪ್ಪಡಿ ಹಾಳು.

ಉಳಿಪೆಟ್ಟು:
ಬೆಣೆ ವಿಷಯ ಒಪ್ಪುವಂಥದ್ದೇ. ರಂಧ್ರಕ್ಕೆ ನೀರು ಹೊಯ್ಯೋದು ಬರೀ ಧೂಳು ಕೂರಲಿ ಅಂತ ಅಂದುಕೊಂಡಿದ್ದೆ. ಕಾಲದ ಲೆಕ್ಕ ಹಿಡಿದರೆ ಅದಕ್ಕೆ ಇನ್ನೊಂದು ಉಪಯೋಗವೂ ಇದೆ.

ಕಡಲತೀರ_ಮುರಕಲ್ಲು:
ಕರಾವಳಿಯ ಮುರಕಲ್ಲಿನ ವಿಷಯ ಯಾರೂ ಹೇಳಲಿಲ್ಲ ಅಲ್ವಾ ಮಾರಾಯ್ರೆ. ನೆಲದಿಂದ ತೆಗೆಯುವಾಗ ತೇವ ಇರ್ತದೆ, ಕೊಡಲಿಯಲ್ಲಿ ಕೆತ್ತಬಹುದು. ಬಿಸಿಲಿಗೆ ಒಣಗಿದ ಮೇಲೆ ಗಟ್ಟಿ. 1807ರಲ್ಲಿ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಈ ಗುಣ ನೋಡಿಯೇ, ಇಟ್ಟಿಗೆಯ ಹಾಗೆ ಕತ್ತರಿಸ್ಲಿಕ್ಕೆ ಆಗ್ತದೆ ಅಂತ. ಇದಕ್ಕೂ ನೀವು ಹೇಳುವ ಸಿಲಿಕಾನ್ ಕೊಂಡಿಯೇ ಕಾರಣವಾ?

ಪದರಶಿಲೆ:
ಅಲ್ಲ, ಅದು ಬೇರೆ ದಾರಿ. ಮುರಕಲ್ಲಿನಲ್ಲಿ ಕಬ್ಬಿಣ-ಅಲ್ಯೂಮಿನಿಯಂ ಆಕ್ಸೈಡ್‌ನ ಜಾಲದ ನಡುವೆ ಕೆಯೊಲಿನ್ ಜೇಡಿ ತುಂಬಿರುತ್ತೆ. ಒಣಗುವಾಗ ಜೇಡಿ ಕಣಗಳ ನಡುವಿನ ನೀರು ಸಣ್ಣ ಸಣ್ಣ ಬಾಗಿದ ಪೊರೆಯಾಗಿ ಕಣಗಳನ್ನ ಒಟ್ಟಿಗೆ ಎಳೆದು ಹಿಡಿಯುತ್ತೆ. ಈ ಎಳೆತದ ಬಲ ಸಣ್ಣದಲ್ಲ. 25 °ಸೆ, 50% ತೇವಾಂಶದಲ್ಲಿ ಕೆಲ್ವಿನ್ ಸೂತ್ರ ಹಾಕಿದರೆ ಹೀರುಬಲ ಸುಮಾರು 95 ಮೆಗಾಪಾಸ್ಕಲ್ ಬರುತ್ತೆ. ಅದು ಒಂದೆರಡು ನ್ಯಾನೊಮೀಟರ್ ಸಂದುಗಳಲ್ಲಿ ಮಾತ್ರ ಇರುತ್ತೆ. ಜೇಡಿಯಲ್ಲಿ ಅಂಥ ಸಂದುಗಳೇ ಜಾಸ್ತಿ. ನೀರು ತುಂಬಿದ ಕೂಡಲೇ ಪೊರೆ ಮಾಯ, ಎಳೆತವೂ ಮಾಯ. ಮೊದಲ ಸಲ ಒಣಗುವಾಗ ಕಬ್ಬಿಣದ ಆಕ್ಸೈಡ್ ಗಟ್ಟಿಯಾಗಿ ಹರಳುಗಟ್ಟೋದರಿಂದ ಮುರಕಲ್ಲು ಮತ್ತೆ ನೆನೆದರೂ ಹಳೆಯ ಮೆತ್ತಗಿನ ಸ್ಥಿತಿಗೆ ಪೂರ್ತಿ ಮರಳಲ್ಲ.

ಮರಳುಗಲ್ಲಿಗೂ ಇದೇ ಲೆಕ್ಕ. 1992ರಲ್ಲಿ ಹಾಕಿನ್ಸ್ ಮತ್ತು ಮೆಕಾನೆಲ್ ಬ್ರಿಟನ್ನಿನ 35 ಮರಳುಗಲ್ಲುಗಳನ್ನ ಒಣಗಿಸಿ, ನೆನೆಸಿ ಮುರಿದರು. ಕ್ವಾರ್ಟ್ಸ್ ಬೆಸುಗೆಯ ಕಲ್ಲು 8% ಬಲ ಕಳೆದುಕೊಂಡರೆ, ಜೇಡಿ ತುಂಬಿದ್ದು 78% ಕಳೆದುಕೊಂಡಿತು. ಅದು ಅದುಮು ಬಲದ ಅಂಕಿ, ಟಫ್‌ನೆಸ್ ಅಲ್ಲ. ಆದರೂ ದಿಕ್ಕು ಅದೇ. ಬಾದಾಮಿಯ ಮರಳುಗಲ್ಲು ಬಹುತೇಕ ಕ್ವಾರ್ಟ್ಸ್, ಹಾಗಾಗಿ ಮೊದಲ ಗುಂಪಿಗೆ ಹತ್ತಿರ. ಆದರೆ ಪದರಗಳ ನಡುವೆ ಬರೋ ತೆಳು ಜೇಡಿ ಹಾಳೆಯ ಗುಂಟ ನಾಚ್ ಕೊಯ್ದರೆ ಲೆಕ್ಕ ತಲೆಕೆಳಗು.

ಕಡಲತೀರ_ಮುರಕಲ್ಲು:
ಈಗ ಅರ್ಥ ಆಯ್ತು. ಮಳೆಗಾಲದಲ್ಲಿ ತೆಗೆದ ಕಲ್ಲನ್ನು ಒಣಗಿಸದೆ ಗೋಡೆಗೆ ಏರಿಸಬಾರದು ಅನ್ನುವುದಕ್ಕೆ ಇದೇ ಕಾರಣ ಅಂತಾಯ್ತು.

ಬೋರ್‌ಗಾಡಿ:
ರೀ, ಹಂಗಾದ್ರ ಬೋರ್ ಕೊರೆಯುವಾಗ ಸೋಪಿನ ನೀರು ಹಾಕ್ತಾರಲ್ಲ, ಅದು ಕಲ್ಲು ಮೆತ್ತಗಾಗ್ಲಿ ಅಂತನಾ? ಭಾಳ ಮಂದಿ ಹಂಗ ಹೇಳ್ತಾರ.

ಗಣಿತಗಣಿ:
ಡಿಟಿಎಚ್ ಹ್ಯಾಮರ್‌ಗೆ (ಬೋರಿನ ತಳದಲ್ಲೇ ಗಾಳಿಯ ಒತ್ತಡದಿಂದ ಕಲ್ಲು ಕುಟ್ಟೋ ಸುತ್ತಿಗೆ) ಸೋಪು ಹಾಕೋದು ನೊರೆಗೆ. ನೊರೆ ಚೂರುಗಳನ್ನ ಮೇಲೆ ಎತ್ತಿ ತರುತ್ತೆ, ಕಮ್ಮಿ ಗಾಳಿಯಲ್ಲೇ ಬೋರ್ ಶುದ್ಧವಾಗುತ್ತೆ. ಕಲ್ಲಿಗೆ ಅದು ಏನೂ ಮಾಡಲ್ಲ, ಹ್ಯಾಮರ್ ಪೆಟ್ಟು ಮಿಲಿಸೆಕೆಂಡ್ ಒಳಗೆ ಮುಗಿದುಹೋಗುತ್ತೆ.

ಪದರಶಿಲೆ:
ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ರೆಹ್‌ಬಿಂಡರ್ 1928ರಲ್ಲೇ ಹೇಳಿದ್ದು ಇದನ್ನ. ಮೇಲ್ಮೈಗೆ ಅಂಟುವ ದ್ರವ ಹೊಸ ಮೇಲ್ಮೈ ಹುಟ್ಟಲು ಬೇಕಾದ ಶಕ್ತಿಯನ್ನ ಇಳಿಸುತ್ತೆ, ಹಾಗಾಗಿ ಮುರಿಯೋದು ಸುಲಭ. 1965ರಲ್ಲಿ ದಕ್ಷಿಣ ಆಫ್ರಿಕಾದ ಕೋಲ್‌ಬ್ಯಾಕ್ ಮತ್ತು ವಿಡ್ ಬೇರೆ ಬೇರೆ ಮೇಲ್ಮೈ ಎಳೆತದ ದ್ರವಗಳಲ್ಲಿ ಕ್ವಾರ್ಟ್ಸಿಟಿಕ್ ಮರಳುಗಲ್ಲು ನೆನೆಸಿದಾಗ, ದ್ರವದ ಮೇಲ್ಮೈ ಎಳೆತಕ್ಕೆ ತಕ್ಕಂತೆ ಕಲ್ಲಿನ ಬಲ ಬದಲಾಯಿತು. ಅದೇ ಕೆಲಸದಲ್ಲಿ ನೆನೆದ ಕಲ್ಲಿನ ಬಲ ಪೂರ್ತಿ ಒಣಗಿದ್ದರ ಅರ್ಧಕ್ಕೆ ಹತ್ತಿರ ಇತ್ತು.

ಗಣಿತಗಣಿ:
ಪರಿಣಾಮ ಇಲ್ಲ ಅನ್ನಲ್ಲ, ವಿವರಣೆ ಸಾಲದು ಅಂತೀನಿ. ಟಫ್‌ನೆಸ್ 1.5 ಮೆಗಾಪಾಸ್ಕಲ್ ರೂಟ್ ಮೀಟರ್, ಯಂಗ್ ಮಾಡ್ಯುಲಸ್ 50 ಗಿಗಾಪಾಸ್ಕಲ್ ಇರೋ ಗ್ರಾನೈಟ್ ತಗೊಳ್ಳಿ. ಮೊದಲನೆಯದರ ವರ್ಗವನ್ನ ಎರಡನೆಯದರಿಂದ ಭಾಗಿಸಿದರೆ ಬಿರುಕು ಒಂದು ಚದರ ಮೀಟರ್ ಹರಡೋಕೆ ನುಂಗುವ ಶಕ್ತಿ 45 ಜೂಲ್. ಬರೀ ಹೊಸ ಮೇಲ್ಮೈ ಹುಟ್ಟೋಕೆ ಬೇಕಾದ್ದು ಕೆಲವೇ ಜೂಲ್. ಉಳಿದದ್ದೆಲ್ಲ ಬಿರುಕಿನ ಸುತ್ತ ಏಳೋ ಕಿರುಬಿರುಕುಗಳಿಗೆ, ಕಾಳು ಕಾಳಿನ ನಡುವಿನ ಉಜ್ಜಾಟಕ್ಕೆ ಹೋಗುತ್ತೆ. ಕೆಲವು ಜೂಲನ್ನ ಸೊನ್ನೆ ಮಾಡಿದರೂ ನೇರವಾಗಿ ಬಲ ಅರ್ಧ ಆಗಲ್ಲ. ನೀರು ಆ ಕಿರುಬಿರುಕುಗಳ ವಲಯವನ್ನೂ ಉಜ್ಜಾಟವನ್ನೂ ಬದಲಿಸಬೇಕು, ಆಗ ಮಾತ್ರ ಅಷ್ಟು ದೊಡ್ಡ ಇಳಿಕೆ ಸಾಧ್ಯ.

ಪದರಶಿಲೆ:
ಕಿರುಬಿರುಕುಗಳೂ ಅದೇ ನೀರಲ್ಲೇ ಹುಟ್ಟೋದಲ್ವಾ? ತುದಿಯಲ್ಲಿ ಮೇಲ್ಮೈ ಶಕ್ತಿ ಇಳಿದರೆ ಸುತ್ತಲಿನ ವಲಯವೂ ಚಿಕ್ಕದಾಗುತ್ತೆ, ಆಗ ಉಳಿದ ನಲವತ್ತು ಜೂಲೂ ಅದರ ಜೊತೆಗೇ ಇಳಿಯುತ್ತೆ.

ಗಣಿತಗಣಿ:
ಅದು ಸರಿಯಾದ ವಾದ, ಒಪ್ತೀನಿ. ಹಾಗಂತ ಬೋರಿನ ಸೋಪಿಗೆ ಆ ಪುಣ್ಯ ಕೊಡೋಕೆ ಆಗಲ್ಲ.

ಹಳೆಗಣಿ:
ಮಹಾರಾಷ್ಟ್ರದ ಕೊಯ್ನಾ ನೆನಪಿಸಬೇಕು. 1967ರ ಡಿಸೆಂಬರ್ 11ರಂದು 6.3 ತೀವ್ರತೆಯ ಭೂಕಂಪ. 103 ಮೀಟರ್ ಎತ್ತರದ ಅಣೆಕಟ್ಟು ತುಂಬಿ ಕೆಲವೇ ವರ್ಷ ಆಗಿತ್ತು. ನೀರು ಇಳಿದು ಕಲ್ಲಿನ ಟಫ್‌ನೆಸ್ ತಗ್ಗಿ ಆದದ್ದು.

ಬಂಡೆಹಾದಿ:
ಹಳೆಗಣಿ ಸರ್, ಇಲ್ಲಿ ತಿದ್ದಲೇಬೇಕು. ಅಲ್ಲಿ ಮೊದಲೇ ಸ್ತರಭಂಗ (ನೆಲದೊಳಗೆ ಕಲ್ಲು ಸೀಳಿ ಜಾರಿದ ಹಳೇ ಬಿರುಕು) ಇತ್ತು, ಹೊಸ ಕಲ್ಲು ಸೀಳಬೇಕಾಗಿರಲಿಲ್ಲ. ಸಂದಿನಲ್ಲಿರೋ ನೀರಿನ ಒತ್ತಡ ಎರಡು ಮುಖಗಳನ್ನ ಒತ್ತಿಹಿಡಿದ ಭಾರದಿಂದ ಕಳೆಯುತ್ತೆ, ಹಿಡಿತ ಸಡಿಲವಾಗಿ ಜಾರುತ್ತೆ. ಟೆರ್ಜಾಗಿಯ ಎಫೆಕ್ಟಿವ್ ಸ್ಟ್ರೆಸ್ ಅಂದರೆ ಇದೇ. ಇದು ಘರ್ಷಣೆಯ ಲೆಕ್ಕ, ಟಫ್‌ನೆಸ್‌ನದ್ದಲ್ಲ. ಎರಡನ್ನೂ ಒಂದೇ ಮಾಡಿದರೆ ಯಾವುದೂ ಅಳತೆಗೆ ಸಿಗಲ್ಲ.

ಜೊತೆಗೆ ಒತ್ತಡ ಹರಡೋಕೆ ಸಮಯ ಹಿಡಿಯುತ್ತೆ. ಅಮೆರಿಕದ ಡೆನ್ವರ್ ಹತ್ತಿರ 1962ರಿಂದ 3,671 ಮೀಟರ್ ಆಳದ ಬಾವಿಗೆ ತ್ಯಾಜ್ಯ ನೀರು ತುಂಬಿಸಿದರು. ಕಂಪನ ಶುರುವಾಗಿ 1966ರಲ್ಲಿ ನಿಲ್ಲಿಸಿದರು. ಅಲ್ಲಿನ ಅತಿ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ, ಪಂಪು ನಿಂತ ಮೇಲೆ.

ಹಳೆಗಣಿ:
ಸರಿ, ತಿದ್ದುಪಡಿ ಸ್ವೀಕರಿಸಿದೆ. ಹಾಗಾದರೆ ಕೆಜಿಎಫ್ ಚಾಂಪಿಯನ್ ರೀಫ್‌ನಂಥ ಮೂರು ಕಿಲೋಮೀಟರಿಗೂ ಆಳದ ಗಣಿಯ ರಾಕ್‌ಬರ್ಸ್ಟ್ (ಭಾರ ತಾಳದೆ ಕಲ್ಲು ದಿಢೀರ್ ಸಿಡಿಯೋದು) ಯಾವ ಲೆಕ್ಕ?

ಬಂಡೆಹಾದಿ:
ಅಲ್ಲಿ ಎರಡೂ ಬೆರೆತಿರುತ್ತೆ. ತೋಡಿದ ಮುಖದ ಹತ್ತಿರ ಹೊಸ ಸೀಳು ಹುಟ್ಟುತ್ತೆ, ಅದು ಟಫ್‌ನೆಸ್. ಸ್ತರಭಂಗ, ಡೈಕ್ (ಹಳೇ ಕಲ್ಲನ್ನ ಸೀಳಿ ನುಗ್ಗಿ ಗಟ್ಟಿಯಾದ ಶಿಲೆಯ ಗೋಡೆ) ಅಂಚುಗಳಲ್ಲಿ ಜಾರುತ್ತೆ, ಅದು ಘರ್ಷಣೆ. ಗಣಿ 2001ರಲ್ಲಿ ಮುಚ್ಚಿ ನೀರು ತುಂಬಿದ ಮೇಲೆ ನೀರಿನ ಒತ್ತಡದ ಪಾಲು ಮುಖ್ಯವಾಗುತ್ತೆ. 1,000 ಮೀಟರ್ ನೀರಿನ ಕಂಬ ಅಂದರೆ ಬುಡದಲ್ಲಿ 9.8 ಮೆಗಾಪಾಸ್ಕಲ್.

ಬೋರ್‌ಗಾಡಿ:
ಹೈಡ್ರೋಫ್ರಾಕ್ಚರಿಂಗ್ ಮಾಡ್ತಾರಲ್ರೀ, ಬತ್ತಿದ ಬೋರಿಗೆ ಜೋರಾಗಿ ನೀರು ಒತ್ತೋದು. ಅದ್ರಾಗ ಯಾವುದು ಕೆಲಸ ಮಾಡತದ? ಹೊಸ ಬಿರುಕಾ, ಹಳೇ ಬಿರುಕಾ?

ಸುರಂಗದಾರಿ:
ಪ್ರೆಷರ್ ಗೇಜು ಹೇಳುತ್ತೆ. 80 ಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಭಾರ ಸುಮಾರು 2.1 ಮೆಗಾಪಾಸ್ಕಲ್, ಅಂದರೆ 21–22 ಕೆಜಿ ಪ್ರೆಷರ್ (ಚದರ ಸೆಂಮೀಗೆ ಇಷ್ಟು ಕೆಜಿ). ಪೈಪಿನಲ್ಲಿ ತುಂಬಿದ 80 ಮೀಟರ್ ನೀರೇ 8 ಕೆಜಿ ಕೊಡುತ್ತೆ. ಹಾಗಾಗಿ ಅಲ್ಲಿ ಮಲಗಿದ ಹಳೇ ಬಿರುಕು ಇದ್ದರೆ ಮೇಲಿನ ಗೇಜು 14 ಕೆಜಿ ದಾಟುವಷ್ಟರಲ್ಲಿ ಬಾಯಿ ಬಿಡುತ್ತೆ, ಮುಳ್ಳು ಏರದೆ ನೀರು ಹೋಗ್ತಾನೇ ಇರುತ್ತೆ. ಬಿರುಕಿಲ್ಲದ ಕಲ್ಲಾದರೆ ಕಲ್ಲಿನ ಎಳೆತ-ಬಲವನ್ನೂ ಗೆಲ್ಲಬೇಕು, ಗಟ್ಟಿ ಗ್ರಾನೈಟ್‌ಗೆ ಅದು 100 ಕೆಜಿ ಆಸುಪಾಸು. ಮುಳ್ಳು ಅಲ್ಲಿವರೆಗೆ ಏರಿ ಧಡಕ್ಕಂತ ಇಳಿದರೆ ಹೊಸ ಸೀಳು ಅಂತ ತಿಳೀರಿ. ನೀರು ಕೊಡೋ ಬೋರುಗಳಲ್ಲಿ ಹೆಚ್ಚಿನವು ಹಳೇ ಬಿರುಕಿನ ಹೂಳು ತೊಳೆದು ಪಕ್ಕದ ಬಿರುಕಿಗೆ ದಾರಿ ಮಾಡಿಕೊಟ್ಟವು.

ಪ್ಯಾಕರ್ (ಒತ್ತಡ ಮೇಲೆ ಬರದಂತೆ ಬೋರಿನೊಳಗೆ ಕೂರಿಸೋ ಬಿರಡೆ) ಬಗ್ಗೆ ಎಚ್ಚರ. ಆರೂವರೆ ಇಂಚಿನ ಬೋರಿನ ಅಡ್ಡಗಲ ಸುಮಾರು 214 ಚದರ ಸೆಂಮೀ. 100 ಕೆಜಿ ಪ್ರೆಷರ್‌ಗೆ ಪ್ಯಾಕರ್ ಮೇಲೆ ಮೇಲ್ಮುಖವಾಗಿ 21 ಟನ್ ತಳ್ಳುತ್ತೆ. ಕೇಸಿಂಗ್ ಬುಡದ ಸವೆದ ಕಲ್ಲಲ್ಲಿ ಕೂರಿಸಿದರೆ ಪ್ಯಾಕರ್ ಜಾರುತ್ತೆ, ಇಲ್ಲವೇ ನೀರು ಪಕ್ಕದಿಂದ ನುಗ್ಗಿ ಕೇಸಿಂಗ್ ಹಿಂದಿನ ಮಣ್ಣು ಬೋರಿಗೆ ಬೀಳುತ್ತೆ. ಗಟ್ಟಿ ಕಲ್ಲಲ್ಲೇ ಕೂರಿಸಬೇಕು.

ಗಣಿತಗಣಿ:
ಇದಕ್ಕೊಂದು ಮುಖ್ಯ ಸೇರ್ಪಡೆ. ಬಿರುಕು ಸಣ್ಣದಿದ್ದಾಗ ಮಾತ್ರ ಟಫ್‌ನೆಸ್‌ಗೆ ಬೆಲೆ. ಬಿಲ್ಲೆಯಾಕಾರದ ಬಿರುಕಿನ ತ್ರಿಜ್ಯ 5 ಮೀಟರ್ ಆದಾಗ 1.5 ಟಫ್‌ನೆಸ್ ಗೆಲ್ಲೋಕೆ ಭಾರಕ್ಕಿಂತ 6 ಕೆಜಿ ಹೆಚ್ಚಿನ ಪ್ರೆಷರ್ ಬೇಕು. 20 ಮೀಟರ್ ಆದಾಗ 3 ಕೆಜಿ ಸಾಕು. ಅಲ್ಲಿಂದಾಚೆ ಸಂದಿನಲ್ಲಿ ನೀರು ತಳ್ಳುವ ಘರ್ಷಣೆಯೇ ಹೆಚ್ಚಿನ ಕಡೆ ದೊಡ್ಡ ಖರ್ಚು, ದ್ರವದ ಸ್ನಿಗ್ಧತೆ ಯಜಮಾನ. ಕಲ್ಲಿನ ರಂಧ್ರಕ್ಕೆ ಇಳಿಯದ ಗಟ್ಟಿ ಎಣ್ಣೆಗೆ ಕಲ್ಲು ಒಡೆಯೋ ಪ್ರೆಷರ್ ಜಾಸ್ತಿ, ನೀರಿಗೆ ಕಮ್ಮಿ, ತೆಳುವಾದ ಕಾರ್ಬನ್ ಡೈಆಕ್ಸೈಡ್‌ಗೆ ಇನ್ನೂ ಕಮ್ಮಿ. ತೆಳು ದ್ರವ ಬೋರಿನ ಗೋಡೆಯೊಳಗೆ ಇಳಿದು ಒಳಗಿಂದಲೇ ಒತ್ತಡ ಕೊಡೋದರಿಂದ ಹೀಗೆ.

ಬೋರ್‌ಗಾಡಿ:
14 ಕೆಜಿ ಲೆಕ್ಕ ಭಾಳ ಉಪಯೋಗದ್ದು. ಆಳ ಬದಲಾದ್ರ ಹತ್ತು ಮೀಟರಿಗೆ ಎಷ್ಟು ಕೂಡಿಸ್ಬೇಕು?

ಸುರಂಗದಾರಿ:
ಹತ್ತು ಮೀಟರಿಗೆ 1.7 ಕೆಜಿ. ಕಲ್ಲು 2.7, ನೀರು 1, ವ್ಯತ್ಯಾಸ 1.7. ಪೈಪು ಪೂರ್ತಿ ತುಂಬಿರಬೇಕು, ಗಾಳಿ ಸಿಕ್ಕಿಕೊಂಡಿದ್ದರೆ ಈ ಲೆಕ್ಕ ನಡೆಯಲ್ಲ.

ಪದರಶಿಲೆ:
ದ್ರವದ ಜಾತಿ ಮಾತಿಗೆ ಬಂದಿದ್ದರಿಂದ ಎಕೊಫಿಸ್ಕ್ ಹೇಳದೆ ಇರಲಾರೆ. ಉತ್ತರ ಸಮುದ್ರದ ನಾರ್ವೆ ಭಾಗದ ತೈಲಕ್ಷೇತ್ರ. 1969ರಲ್ಲಿ ಸಿಕ್ಕಿತು, 1971ರಿಂದ ಎಣ್ಣೆ. ಎಣ್ಣೆ ಇರೋದು ಸೀಮೆಸುಣ್ಣದಂಥ ಚಾಕ್ ಕಲ್ಲಿನಲ್ಲಿ. ಎಣ್ಣೆ ತೆಗೆದಂತೆ ಒಳಗಿನ ಒತ್ತಡ ಇಳಿದು ಕಲ್ಲು ಕುಸಿಯತೊಡಗಿತು. ಸಮುದ್ರತಳ ಕುಸಿದದ್ದು ಗೊತ್ತಾಗಿದ್ದು 1984ರಲ್ಲಿ. 1987ರಲ್ಲಿ ವೇದಿಕೆಗಳ ಉಕ್ಕಿನ ಕಾಲುಗಳನ್ನ ಕತ್ತರಿಸಿ, ಜಾಕ್ ಹಾಕಿ 6 ಮೀಟರ್ ಎತ್ತಿದರು. ಅದೇ ವರ್ಷ ದೊಡ್ಡ ಪ್ರಮಾಣದಲ್ಲಿ ಸಮುದ್ರದ ನೀರು ತುಂಬೋಕೂ ಶುರು ಮಾಡಿದರು. ಒತ್ತಡ ಮತ್ತೆ ಏರಿತು, ಆದರೂ ಕುಸಿತ ನಿಲ್ಲಲಿಲ್ಲ. ಎಣ್ಣೆ ಇದ್ದಾಗ ತಾಳಿಕೊಂಡಿದ್ದ ಚಾಕ್, ನೀರು ಬಂದ ಕೂಡಲೇ ಅದೇ ಭಾರಕ್ಕೆ ಸೋತಿತು.

ಇದಕ್ಕೆ ಕ್ಯಾಪಿಲರಿ ಎಳೆತ (ಮುರಕಲ್ಲಿಗೆ ಹೇಳಿದ ಬಾಗಿದ ಪೊರೆಯ ಎಳೆತ) ಹೋದದ್ದು ಕಾರಣ ಅಂತ ಮೊದಲು ಅಂದುಕೊಂಡಿದ್ದರು. ಗ್ಲೈಕಾಲ್ ಪರೀಕ್ಷೆ ಅದನ್ನ ಅಲುಗಾಡಿಸಿತು. ಗ್ಲೈಕಾಲ್ ನೀರಿನ ಜೊತೆ ಪೂರ್ತಿ ಬೆರೆಯುತ್ತೆ, ಅಲ್ಲಿ ಪೊರೆಯೇ ಇರಲ್ಲ. ಆದರೂ ಗ್ಲೈಕಾಲ್ ತುಂಬಿದ ಚಾಕ್ ಗಟ್ಟಿ, ನೀರು ಬೆರೆಸಿದಷ್ಟೂ ಮೆತ್ತಗೆ. ಬಲ ಹಿಂಬಾಲಿಸಿದ್ದು ದ್ರವದಲ್ಲಿನ ನೀರಿನ ಸಕ್ರಿಯತೆಯನ್ನ, ಅಂದರೆ ಕೆಲಸಕ್ಕೆ ಸಿಗೋ ನೀರಿನ ಅಳತೆಯನ್ನ (ಶುದ್ಧ ನೀರಿಗೆ 1). ಸುಣ್ಣಕಲ್ಲಿನ ಕಾಳುಗಳ ಸಂಧಿಯಲ್ಲಿ ನೀರಿನ ಅಣು ಸೇರಿ ತಳ್ಳುತ್ತೆ ಅನ್ನೋದೇ ಅದರ ಸೂಚನೆ.

ಉಳಿಪೆಟ್ಟು:
ಹಾಗಾದರೆ ಉಪ್ಪು ನೀರಲ್ಲಿ ಸಕ್ರಿಯತೆ ಕಮ್ಮಿ. ಕಲ್ಲು ಕಮ್ಮಿ ಮೆತ್ತಗಾಗಬೇಕಲ್ವಾ?

ಪದರಶಿಲೆ:
ತುಂಬಾ ಗಾಢವಾದ ಉಪ್ಪುನೀರಲ್ಲಿ ಹೌದು, ಚಾಕ್ ವಿಷಯದಲ್ಲಿ. ಸಮುದ್ರದ ನೀರಿನ ಸಕ್ರಿಯತೆ ಸುಮಾರು 0.98, ಸಿಹಿನೀರಿಗಿಂತ ಹೇಳುವಷ್ಟು ಬೇರೆ ಅಲ್ಲ. ಗ್ರಾನೈಟ್‌ಗೆ ಉಪ್ಪಿಗಿಂತ ಪಿಎಚ್ ಮುಖ್ಯ, ಕ್ಷಾರ ಹೆಚ್ಚಿದಷ್ಟು ಕ್ವಾರ್ಟ್ಸ್ ಬಿರುಕಿನ ವೇಗ ಹೆಚ್ಚು.

ಸುರಂಗದಾರಿ:
ಎಲ್ಲರೂ ನೀರು ಅಂದರೆ ಬಲ ಇಳಿಯುತ್ತೆ ಅಂತಲೇ ಹೇಳ್ತಿದ್ದೀರಿ. ಉಲ್ಟಾನೂ ಇದೆ. ನೆನೆದ ಬಿಗಿ ಕಲ್ಲನ್ನ ಬೇಗ ಮುರಿಯಲು ಹೋದರೆ ಒಳಗೆ ಹೊಸ ಕಿರುಬಿರುಕು ತೆರೆದು ಜಾಗ ಹೆಚ್ಚುತ್ತೆ, ಹೊರಗಿನ ನೀರು ಅಷ್ಟು ಬೇಗ ಒಳಗೆ ಬರಲ್ಲ. ರಂಧ್ರದ ಒತ್ತಡ ಬೀಳುತ್ತೆ, ಕಲ್ಲು ತಾತ್ಕಾಲಿಕವಾಗಿ ಗಟ್ಟಿಯಾಗುತ್ತೆ. 1968ರಲ್ಲಿ ಬ್ರೇಸ್ ಮತ್ತು ಮಾರ್ಟಿನ್ ತೋರಿಸಿದ್ದು ಇದನ್ನೇ. ಒಂದು ಮಿತಿಗಿಂತ ವೇಗವಾಗಿ ಭಾರ ಹಾಕಿದರೆ ಎಫೆಕ್ಟಿವ್ ಸ್ಟ್ರೆಸ್ ನಿಯಮದ ಸರಳ ಲೆಕ್ಕವೇ ನಡೆಯಲ್ಲ.

ಲ್ಯಾಬ್‌ಮೇಜು:
ಎಲ್ಲರಿಗೂ ಧನ್ಯವಾದ. ಪರೀಕ್ಷೆ ಮತ್ತೆ ಮಾಡಬೇಕು ಅಂತ ಸ್ಪಷ್ಟವಾಯ್ತು. ಕ್ರಮ ಹೇಗಿರಬೇಕು? ಬಕೆಟ್ ನೆನೆಸುವಿಕೆ ಸಾಕಾ?

ಬಂಡೆಹಾದಿ:
ಕೊಯ್ಯೋದರಿಂದ ಶುರು ಮಾಡಿ. ಒಂದು ಬಿಲ್ಲೆ ಸೀಳಿದರೆ ಎರಡು ಅರ್ಧ ಸಿಗುತ್ತೆ. ಒಂದರ್ಧ ಒಣದ್ದಕ್ಕೆ, ಇನ್ನೊಂದರ್ಧ ಒದ್ದೆಗೆ. ಇದನ್ನ ಬಿಟ್ಟರೆ ಗ್ರಾನೈಟ್‌ನಲ್ಲಿ ಸಣ್ಣ ವ್ಯತ್ಯಾಸ ಹಿಡಿಯೋದು ಕಷ್ಟ. ಕಲ್ಲಿಗೆ ಸುಲಭವಾಗಿ ಸೀಳುವ ದಿಕ್ಕು, ಗಡುಸು ದಿಕ್ಕು ಇರುತ್ತೆ, ಅದನ್ನ ಕೋರ್ ಮೇಲೆ ಗೆರೆ ಎಳೆದು ಗುರುತಿಸಿ, ಎಲ್ಲಾ ನಾಚ್ ಒಂದೇ ದಿಕ್ಕಿಗೆ ಬರಲಿ. ನಾಚ್ ಅಗಲ 1.5 ಮಿಮೀ ಒಳಗೆ ಇರಬೇಕು ಅಂತ ಐಎಸ್‌ಆರ್‌ಎಂ (ಶಿಲಾ ಯಂತ್ರಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ) 2014ರ ವಿಧಾನ ಹೇಳುತ್ತೆ. ಡೈಮಂಡ್ ವೈರ್ ಇದ್ದರೆ ಇನ್ನೂ ಸಣ್ಣದು ಸಿಗುತ್ತೆ. ಕೊಯ್ಯುವಾಗ ಎಣ್ಣೆ ಬೇಡ, ರಂಧ್ರದಲ್ಲಿ ಉಳಿಯುತ್ತೆ. ನೀರಲ್ಲಿ ಕೊಯ್ದು, ಎಲ್ಲಾ ಕೊಯ್ತ ಮುಗಿದ ಮೇಲೆ ಒಣಗಿಸಿ. ದಪ್ಪವನ್ನೂ ನೋಡಿಕೊಳ್ಳಿ, ವ್ಯಾಸದ 0.4 ಪಾಲು ಅಂದರೆ 30.4 ಮಿಮೀ ಬೇಕು, ನಿಮ್ಮದು 30.

ಓವನ್ ಬಿಸಿ ನಿಮಿಷಕ್ಕೆ 1 °ಸೆ ಮೀರದಂತೆ ಏರಿಸಿ, ಹಾಗೇ ಇಳಿಸಿ. ದಿಢೀರ್ ಬಿಸಿ ಮಾಡಿದರೆ ಕ್ವಾರ್ಟ್ಸ್ ಫೆಲ್ಡ್‌ಸ್ಪಾರ್‌ಗಿಂತ ಹೆಚ್ಚು ಹಿಗ್ಗಿ ಹೊಸ ಕಿರುಬಿರುಕು ಏಳುತ್ತೆ. ಆಗ ಒಣ ತುಂಡೇ ದುರ್ಬಲ ಅಂತ ತೋರುತ್ತೆ. ಒದ್ದೆಗೆ ಹೋಗೋ ಅರ್ಧಗಳನ್ನೂ ಮೊದಲು ಇದೇ ಓವನ್‌ನಲ್ಲಿ ಒಣಗಿಸಿ, ಆಮೇಲೆ ನೆನೆಸಿ. ಇಲ್ಲವಾದರೆ ನೀರಿನ ಪರಿಣಾಮ ಯಾವುದು, ಬಿಸಿಯ ಪರಿಣಾಮ ಯಾವುದು ಗೊತ್ತಾಗಲ್ಲ. ಒಣದ್ದು ಡೆಸಿಕೇಟರ್‌ನಲ್ಲೇ (ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪಾತ್ರೆ) ತಣ್ಣಗಾಗಲಿ, ಸಿಲಿಕಾ ಜೆಲ್ ನೀಲಿಯಿದ್ದರೆ ಸರಿ, ಗುಲಾಬಿಗೆ ತಿರುಗಿದ್ದರೆ ಬದಲಿಸಿ. ತೆಗೆದ ಹತ್ತು ನಿಮಿಷದೊಳಗೆ ಮುರಿಯಿರಿ. ಮಷಿನ್ ಖಾಲಿ ಇದೆ ಅಂತ ಖಾತ್ರಿಯಾಗೋವರೆಗೆ ಡೆಸಿಕೇಟರ್ ಮುಚ್ಚಳ ತೆಗೆಯಬೇಡಿ.

ನೆನೆಸೋಕೆ ಬಕೆಟ್ ಸಾಲದು. ಒಳಗಿನ ಗಾಳಿ ಸಿಕ್ಕಿಹಾಕಿಕೊಳ್ಳುತ್ತೆ. ವ್ಯಾಕ್ಯೂಮ್ ಚೇಂಬರ್‌ನಲ್ಲಿ ನೀರಲ್ಲಿ ಮುಳುಗಿಸಿ 800 ಪಾಸ್ಕಲ್‌ಗಿಂತ ಕೆಳಗೆ ಕನಿಷ್ಠ ಒಂದು ಗಂಟೆ, ಆಗಾಗ ಅಲುಗಾಡಿಸಿ. ತೂಕ ನಿಲ್ಲೋವರೆಗೆ ನೀರಲ್ಲೇ ಇರಲಿ.

ಗಣಿತಗಣಿ:
ಎಷ್ಟು ತುಂಡು ಅನ್ನೋದು ಮುಖ್ಯ. ತುಂಡಿನಿಂದ ತುಂಡಿಗೆ 12% ಏರಿಳಿತ ಇದ್ದು, 10% ವ್ಯತ್ಯಾಸ ಹಿಡಿಯಬೇಕು ಅಂದರೆ ಬಿಡಿಬಿಡಿ ಗುಂಪಾದರೆ ಗುಂಪಿಗೆ 23 ತುಂಡು. ಜೋಡಿ ಅರ್ಧಗಳಾದರೆ, ಜೋಡಿಯೊಳಗಿನ ವ್ಯತ್ಯಾಸದ ಏರಿಳಿತ 8%ಗೆ ಇಳಿದರೂ ಎಂಟು ಜೋಡಿ ಸಾಕು.

ಲೋಡ್ ಸೆಲ್ (ಮಷಿನ್‌ನಲ್ಲಿ ಭಾರ ಅಳೆಯೋ ಸಾಧನ) ನೋಡಿಕೊಳ್ಳಿ. ವ್ಯಾಸ 76, ದಪ್ಪ 30.4, ನಾಚ್ 19, ಕೆಳಗಿನ ರೋಲರ್ ಅಂತರ 45.6 ಮಿಮೀ ಇಟ್ಟರೆ ಜ್ಯಾಮಿತಿಯ ಗುಣಕ 4.67 ಬರುತ್ತೆ. 3 ಕಿಲೋನ್ಯೂಟನ್‌ಗೆ ಮುರಿದರೆ ಟಫ್‌ನೆಸ್ 1.48. ಅಂದರೆ ಇಡೀ ಪರೀಕ್ಷೆ 300 ಕೆಜಿ ಭಾರದೊಳಗೆ. 100 ಟನ್ ಮಷಿನ್‌ನ ಸೆಲ್‌ನಲ್ಲಿ ಇದು ತಳದ ಗದ್ದಲದಲ್ಲೇ ಮುಳುಗುತ್ತೆ. 10 ಕಿಲೋನ್ಯೂಟನ್ ಸೆಲ್ ಹಾಕಿ.

ವೇಗವನ್ನೂ ಬದಲಿಸಿ. 0.2 ಮಿಮೀ ಮೇಲ್ಮಿತಿ, ಅದರಲ್ಲಿ ತುಂಡು ನಿಮಿಷದೊಳಗೆ ಮುರಿಯುತ್ತೆ, ನೀರಿಗೆ ಸಮಯವೇ ಸಿಗಲ್ಲ. ಇನ್ನೊಂದು ಗುಂಪು ನಿಮಿಷಕ್ಕೆ 0.002 ಮಿಮೀನಲ್ಲಿ ಮಾಡಿ. ಘಾತ 35 ಇದ್ದರೆ ನೂರು ಪಟ್ಟು ನಿಧಾನಕ್ಕೆ ಒದ್ದೆ ತುಂಡು 12% ಕಮ್ಮಿ ಭಾರಕ್ಕೆ ಮುರಿಯಬೇಕು. ಆ ಇಳಿಜಾರಿನಿಂದ ನಿಮ್ಮ ಕಲ್ಲಿನ ಘಾತವೂ ಸಿಗುತ್ತೆ, ಅದು ಒಂದು ಟಫ್‌ನೆಸ್ ಅಂಕಿಗಿಂತ ಬೆಲೆಯುಳ್ಳದ್ದು.

ಸುರಂಗದಾರಿ:
ನಿಧಾನ ಪರೀಕ್ಷೆ ಗಂಟೆ ಮೀರುತ್ತೆ, ಅಷ್ಟರಲ್ಲಿ ಒದ್ದೆ ತುಂಡು ಫ್ಯಾನ್ ಗಾಳಿಗೇ ಒಣಗುತ್ತೆ. ಅಕ್ರಿಲಿಕ್ ತೊಟ್ಟಿ ಮಾಡಿ, ರೋಲರ್ ಒಳಗೇ ಇರಲಿ, ನೀರು ನಾಚ್ ತುದಿಗಿಂತ 5 ಮಿಮೀ ಮೇಲಿರಲಿ. ಒಣ ತುಂಡಿಗೆ ಅದೇ ತೊಟ್ಟಿಯನ್ನ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಒಳಗೆ ಸಿಲಿಕಾ ಜೆಲ್ ಸುರಿಯಿರಿ. ರೋಲರ್ ಸ್ಟೇನ್‌ಲೆಸ್ ಆಗಿರಲಿ, ತುಕ್ಕು ಹಿಡಿದ ರೋಲರ್ ಉರುಳದೆ ಕಚ್ಚಿಕೊಂಡರೆ ಭಾರ ಸುಳ್ಳು ಹೆಚ್ಚು ತೋರಿಸುತ್ತೆ.

ಲ್ಯಾಬ್‌ಮೇಜು:
ತೊಟ್ಟಿ ಮಾಡಿಸ್ತೀನಿ. ಮುಂದಿನ ಸರದಿ ಶಹಾಬಾದ್ ಕಲ್ಲು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಬಳಸಬಹುದಾ?

ಪದರಶಿಲೆ:
ಬೇಡ, ಡಿಸ್ಟಿಲ್ಡ್ ವಾಟರ್ ಸುಣ್ಣಕಲ್ಲನ್ನ ಕರಗಿಸುತ್ತೆ, ನಾಚ್ ತುದಿ ಮೊಂಡಾಗುತ್ತೆ. ಅದೇ ಕಲ್ಲಿನ ಪುಡಿಯನ್ನ ನೀರಿಗೆ ಹಾಕಿ ಎರಡು ದಿನ ಕಲಕುತ್ತಾ ಇಟ್ಟು, ಸೋಸಿ, ಆ ನೀರನ್ನ ಬಳಸಿ. ಶಹಾಬಾದ್ ಕಲ್ಲಲ್ಲಿ ತೆಳು ಜೇಡಿ ಪದರ ಕಂಡರೆ ಓವನ್ 60 °ಸೆ ದಾಟಿಸಬೇಡಿ, ತೂಕ ನಿಲ್ಲೋಕೆ ನಾಲ್ಕೈದು ದಿನ ಹಿಡಿದರೂ ಪರವಾಗಿಲ್ಲ.